ಊಟದ ಡಬ್ಬಿಯಲ್ಲಿ ಅಣ್ಣನ ಗಿಟಾರು

ಅಪ್ಪನ ಅಲ್ಯೂಮಿನಿಯಂ ಊಟದ ಡಬ್ಬಿಗೆ ನಾನು ಡ್ರಿಲ್ ಹಚ್ಚಿದ ಮಧ್ಯಾಹ್ನ ರಾಯಚೂರಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಎರಡು ಅಂತಸ್ತಿನ ಡಬ್ಬಿ ಅದು. ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪ ಮೇಲಿನದರಲ್ಲಿ ಪಲ್ಯ, ಕೆಳಗಿನದರಲ್ಲಿ ಮಡಚಿದ ರೊಟ್ಟಿ ಒಯ್ಯುತ್ತಿದ್ದ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ಡಬ್ಬಿ ನನ್ನ ಮನೆಯ ಅಟ್ಟದಲ್ಲಿ ಉಳಿದಿತ್ತು. ಡ್ರಿಲ್ಲಿನ ತುದಿ ಒಳಗಿಳಿದಾಗ ಬೆಳ್ಳನೆಯ ಸುರುಳಿಗಳು ಎದ್ದು ನನ್ನ ಮಡಿಲಿಗೆ ಬಿದ್ದವು. ಅಪ್ಪ ಇದ್ದಿದ್ದರೆ, ತೂತು ಬಿದ್ದ ಡಬ್ಬಿಯಲ್ಲಿ ಪಲ್ಯ ಹೇಗೆ ಒಯ್ಯಲಿ ಎಂದು ಕೇಳಿ, ಉತ್ತರಕ್ಕೂ ಕಾಯದೆ ನಕ್ಕುಬಿಡುತ್ತಿದ್ದ.

ಇಷ್ಟಕ್ಕೆಲ್ಲ ಕಾರಣ ನನ್ನ ಅಣ್ಣನ ಎರಡು ಬೆರಳು. ಅಣ್ಣ ದೇವದುರ್ಗದ ಒಂದು ಹೈಸ್ಕೂಲಿನಲ್ಲಿ ಜವಾನ. ಬೆಳಿಗ್ಗೆ ಗಂಟೆ ಬಾರಿಸಿ, ಸಂಜೆ ಬೀಗ ಹಾಕಿ, ಉಳಿದ ಹೊತ್ತಿನಲ್ಲಿ ಮೂವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸಿದವನು. ಮದುವೆ, ಜಯಂತಿ, ಯಾರದೋ ಸೀಮಂತ, ಇನ್ಯಾರದೋ ನಿವೃತ್ತಿ. ಮಾನ್ವಿ, ಪೋತ್ನಾಳ, ಹಿರೇಕೊಟ್ನೆಕಲ್, ಯಾವ ಊರಿನ ಶಾಮಿಯಾನದ ಕೆಳಗೆ ನುಡಿಸಿಲ್ಲ ಎಂದು ಕೇಳಬೇಕು. ಕಳೆದ ಚಳಿಗಾಲದಿಂದ ಅವನ ಎಡಗೈಯ ಉಂಗುರಬೆರಳು, ಕಿರುಬೆರಳು ಜೋಮು ಹಿಡಿಯುತ್ತ ಬಂದು, ಬೇಸಿಗೆಯ ಹೊತ್ತಿಗೆ ಒಳಕ್ಕೆ ಮಡಚಿಕೊಳ್ಳತೊಡಗಿದವು. ಮೊಣಕೈಯಲ್ಲಿ ನರ ಸಿಕ್ಕಿಕೊಂಡಿದೆ, ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಮಾಡದಿದ್ದರೆ ಕೈಯ ಬಲವೇ ಹೋಗುತ್ತದೆ, ಮಾಡಿದರೂ ಆ ಬೆರಳುಗಳು ಮೊದಲಿನಂತಾಗುತ್ತವೆ ಎಂದು ಹೇಳಲಾಗದು. ಹದಿನೈದು ದಿನ ಬಿಟ್ಟು ಒಂದು ಗುರುವಾರ ಆಪರೇಷನ್ ಎಂದು ಗೊತ್ತಾಯಿತು.

ಅವನು ನುಡಿಸಿದ್ದು ನಮ್ಮ ಹತ್ತಿರ ಒಂದೂ ಇರಲಿಲ್ಲ. ಮದುವೆಯ ವಿಡಿಯೊಗಳಲ್ಲಿ ಅಣ್ಣನ ಒಂದು ಭುಜ ಕಾಣುತ್ತದೆ, ಗಿಟಾರು ಡ್ರಮ್ಮಿನ ಕೆಳಗೆ ಎಲ್ಲೋ ಮುಳುಗಿರುತ್ತದೆ. ಹಾಡುಗಳು ಹೋದರೆ ಹೋಗಲಿ, ಅವು ಯಾರ್ಯಾರದೋ ಹಾಡುಗಳು. ನನಗೆ ಬೇಕಾಗಿದ್ದು ಅವನದೇ ಒಂದು ಗತ್ತು, ಬರೀ ತಂತಿಯ ಮೇಲೆ ನುಡಿಸುವ ಒಂದು ಧಾಟಿ. ಕಾರ್ಯಕ್ರಮ ಶುರುವಾಗುವ ಮೊದಲು, ಜನ ಇನ್ನೂ ಕುರ್ಚಿ ಎಳೆದಾಡುತ್ತಿರುವಾಗ, ಉಳಿದ ಕಲಾವಿದರು ಚಹಾಕ್ಕೆ ಹೋಗಿರುವಾಗ ಅಣ್ಣ ಒಬ್ಬನೇ ಅದನ್ನು ನುಡಿಸುತ್ತಿದ್ದ. ಅದಕ್ಕೆ ಮಾತಿಲ್ಲ, ಹೆಸರಿಲ್ಲ. ಜನ ಕೂತರು ಎನ್ನುವಷ್ಟರಲ್ಲಿ ನಿಲ್ಲಿಸಿಬಿಡುತ್ತಿದ್ದ, ನಿಜವಾದ ಹಾಡು ಶುರುವಾಗುತ್ತಿತ್ತು. ಚಿಕ್ಕವಳಿದ್ದಾಗ ಅವನ ಜೊತೆ ಹೋಗಿ ಸ್ಟೇಜಿನ ಹಿಂದೆ ಜಮಖಾನದ ಮೇಲೆ ಮಲಗುತ್ತಿದ್ದ ನನಗೆ ಆ ಗತ್ತು ಎಲ್ಲಿ ಮುಗಿದು ನಿದ್ದೆ ಎಲ್ಲಿ ಶುರುವಾಗುತ್ತಿತ್ತು ಎಂಬುದು ಇವತ್ತಿಗೂ ಗೊತ್ತಿಲ್ಲ.

ದೇವದುರ್ಗದ ಅವನ ಮನೆಗೆ ಹೋಗಿ, ಗುರುವಾರದೊಳಗೆ ರೆಕಾರ್ಡ್ ಮಾಡೋಣ ಎಂದರೆ ಅಣ್ಣ ಒಪ್ಪಲಿಲ್ಲ. ಅವನ ಹಳೆಯ ಆಂಪ್ಲಿಫೈಯರು, ನಾವೆಲ್ಲ ಆಂಪ್ಲಿ ಅನ್ನುತ್ತಿದ್ದ ಆ ಕರಿಯ ಪೆಟ್ಟಿಗೆ, ಸ್ಪೀಕರು ಹರಿದು ಮಾನ್ವಿಯಲ್ಲಿ ರಿಪೇರಿಗೆ ಕೂತಿತ್ತು.

"ಆ ಆಂಪ್ಲಿ ಇಲ್ದ ನನ್ನ ಕೈ ನನಗ ಕೇಳಂಗಿಲ್ಲ ತಂಗಿ" ಎಂದ. "ಅದು ಬಂದ ಮ್ಯಾಲೆ ನೋಡೂಣು."

"ಅದು ಬರೋದ್ರಾಗ ಕೈ ಹೋದ್ರ?" ಎಂದುಬಿಟ್ಟೆ. ನನ್ನ ಬಾಯಿ ಹಾಗೇ, ಬೀಗವಿಲ್ಲದ ಬಾಗಿಲು. ಅತ್ತಿಗೆ ಒಳಗೆ ಹೋದರು, ನಾನು ರಾಯಚೂರಿನ ಬಸ್ಸು ಹತ್ತಿದೆ.

ಬಸ್ಸಿನ ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದಾಗ ದಾರಿ ಹೊಳೆಯಿತು. ನಾನು ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರು, ತಂತಿ ಬೆಸೆಯುವುದೇ ನನ್ನ ಕಸುಬು. ಗಿಟಾರಿನಿಂದ ಹೊರಡುವ ಸಿಗ್ನಲ್ಲನ್ನು ಎರಡಾಗಿ ಒಡೆಯುವ ಡಬ್ಬಿಯೊಂದನ್ನು ಕಟ್ಟಬಹುದು. ಒಂದು ದಾರಿ ಯಾವುದಾದರೂ ಸಣ್ಣ ಸ್ಪೀಕರಿಗೆ, ಅಣ್ಣನಿಗೆ ಕೇಳಿಸಲಿಕ್ಕೆ. ಇನ್ನೊಂದು ದಾರಿ ನೇರ ಲ್ಯಾಪ್‌ಟಾಪಿಗೆ, ಯಾವ ಬಣ್ಣವೂ ಹತ್ತದ ಬರೀ ತಂತಿಯ ಒಣ ದನಿ. ಮುಂದೆ ಆಂಪ್ಲಿ ರಿಪೇರಿಯಾಗಿ ಬಂದಾಗ ಆ ಒಣ ದನಿಯನ್ನು ಇನ್ನೊಂದು ಡಬ್ಬಿಯ ಮೂಲಕ ಆಂಪ್ಲಿಗೆ ಹಾಯಿಸಿದರೆ, ಅಣ್ಣನೇ ಆಗ ಕೂತು ನುಡಿಸಿದ ಹಾಗೆ ಅದು ಹಾಡುತ್ತದೆ. ಇದಕ್ಕೆ ರೀಆಂಪ್ ಅನ್ನುತ್ತಾರೆ. ಅಣ್ಣನಿಗೆ ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದೆ, ತಲೆಗೆ ಹೋಗಲಿಲ್ಲ. ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಅತ್ತಿಗೆ ಹೇಳಿದರು:

"ಸಂಡಿಗಿ ಇದ್ದಂಗ ರೀ. ಈಗ ಬಿಸಿಲಿಗಿ ಒಣಗ್ಸಿ ಇಡ್ತಾಳ, ಬೇಕಾದಾಗ ಎಣ್ಣ್ಯಾಗ ಬಿಡ್ತಾಳ. ನಿಮ್ಮ ಆಂಪ್ಲಿ ಅಂದ್ರ ಎಣ್ಣಿ, ತಿಳೀತಿಲ್ಲೋ?"

ಅಣ್ಣನಿಗೆ ತಿಳಿಯಿತು. ನನ್ನ ಇಷ್ಟು ವರ್ಷದ ಪಾಠ ಸಂಡಿಗೆಯ ಮುಂದೆ ಬಿದ್ದುಹೋಯಿತು.

ಮರುದಿನ ಮಾನ್ವಿಗೆ ಹೋದೆ. ರಿಪೇರಿಯ ಚಾಚಾನ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ, ಬಾಗಿಲ ಮೇಲೆ ಸತ್ತ ಲೌಡ್‌ಸ್ಪೀಕರುಗಳ ಬಾಯಿಗಳು ಜೋತುಬಿದ್ದಿರುತ್ತವೆ. ಅಣ್ಣನ ಆಂಪ್ಲಿ ಮೂಲೆಯಲ್ಲಿ ಎದೆ ತೆರೆದುಕೊಂಡು ಕೂತಿತ್ತು.

"ಸ್ಪೀಕರಿನ ಕಾಗದ ಹರದದ ಬೇಟಿ. ಅದೇ ಜಾತಿ ಕಾಗದ ಹೈದರಾಬಾದಿಂದ ಬರಬೇಕು" ಎಂದ ಚಾಚಾ. "ಬ್ಯಾರೆ ಹಚ್ಚಿದ್ರ ನಾಳೇನೇ ಕೊಡ್ತೀನಿ. ಆದ್ರ ನಿಮ್ಮಣ್ಣಂದು ಆವಾಜ್ ಬ್ಯಾರೆ ಆಗ್ತದ, ಆಮ್ಯಾಲೆ ನನಗ ಬೈಬ್ಯಾಡ್ರಿ."

ನನ್ನ ಯೋಚನೆ ಹೇಳಿದೆ. ಪೂರ್ತಿ ಕೇಳುವ ಮೊದಲೇ ಚಾಚಾ ಎದ್ದು, ಡಬ್ಬಗಳ ರಾಶಿಯಲ್ಲಿ ಕೈ ಆಡಿಸಿ, ಹಳೆಯ ಸಭೆ-ಸಮಾರಂಭದ ಮೈಕ್ ಸೆಟ್ಟೊಂದರಿಂದ ಬಿಚ್ಚಿಟ್ಟಿದ್ದ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ತಂದು ನನ್ನ ಅಂಗೈಯಲ್ಲಿಟ್ಟ. ಎರಡೂ ಸೇರಿ ಒಂದು ನಿಂಬೆಹಣ್ಣಿನ ತೂಕ ಇರಬಹುದು.

"ಇದರಾಗ ಎರಡು ಸುರುಳಿ ಅವ. ಒಂದಕ್ಕೊಂದು ಮುಟ್ಟಂಗಿಲ್ಲ, ಮಾತು ಮಾತ್ರ ದಾಟ್ತದ" ಎಂದ.

ಇದನ್ನೇ ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಹೀಗೆ ಒಮ್ಮೆಯೂ ಹೇಳಿರಲಿಲ್ಲ.

ಆಮೇಲಿನ ದಿನಗಳು ಒಂದರೊಳಗೊಂದು ಕರಗಿಹೋಗಿವೆ. ರಾಯಚೂರಿನ ತೀನ್ ಕಂದೀಲ್ ಚೌಕದ ಅಂಗಡಿಗಳಲ್ಲಿ ಸಾಕೆಟ್ಟು, ತಿರುಗಣಿ, ಬ್ಯಾಟರಿ ಕ್ಲಿಪ್ಪು ಹುಡುಕಿದೆ. ಮನೆಯಲ್ಲಿ ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ, ನೆಲದ ಮೇಲೆ ಕೂತು ಬೆಸೆಯುತ್ತಿದ್ದೆ. ಮೇಲಿನ ಡಬ್ಬಿಯಲ್ಲಿ ಒಡೆಯುವ ಸರ್ಕಿಟ್ಟು, ಕೆಳಗಿನದರಲ್ಲಿ ವಾಪಸು ಹಾಯಿಸುವುದು. ಬೆಸುಗೆಯ ರಾಳದ ಹೊಗೆ ಮೇಲೇಳುತ್ತ ತೊಲೆಯ ಹತ್ತಿರ ನಿಂತುಬಿಡುತ್ತಿತ್ತು. ಆ ವಾಸನೆ, ಒದ್ದೆ ಗೋಣಿಯ ವಾಸನೆ, ಡಬ್ಬಿಯ ಮೂಲೆಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಹಳೆಯ ಬೆಳ್ಳುಳ್ಳಿಯ ವಾಸನೆ ಎಲ್ಲ ಸೇರಿ ಕಣ್ಣು ಎಳೆಯುತ್ತಿದ್ದವು. ಬೆಸೆಯುವ ಕಬ್ಬಿಣ ಆರಲು ಬಿಟ್ಟು ಅಲ್ಲೇ ಮಗ್ಗುಲಾಗುತ್ತಿದ್ದೆ. ಒಂದು ಮಧ್ಯಾಹ್ನ ಅರೆನಿದ್ದೆಯಲ್ಲಿ ಅಪ್ಪ ಗಿರಣಿಯ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದ. ಒಳಗೆ ರೊಟ್ಟಿ ಇರಲಿಲ್ಲ, ಅಣ್ಣನ ಗತ್ತು ಇತ್ತು. ಅಪ್ಪ ಅದನ್ನು ಚೂರು ಮುರಿದು ಪಕ್ಕದವನಿಗೂ ಕೊಟ್ಟ. ಎದ್ದಾಗ ನನ್ನ ಕೆನ್ನೆಯ ಮೇಲೆ ಚಾಪೆಯ ಗೆರೆಗಳಿದ್ದವು, ಎದೆಯಲ್ಲಿ ಹೇಳಲಾರದ ಸಂತೋಷವಿತ್ತು.

ಆಪರೇಷನ್ನಿಗೆ ನಾಲ್ಕು ದಿನ ಇದ್ದಾಗ, ಭಾನುವಾರ, ಡಬ್ಬಿ ಹೊತ್ತು ದೇವದುರ್ಗಕ್ಕೆ ಹೋದೆ. ಅಣ್ಣ ಡಬ್ಬಿಯನ್ನು ತಿರುಗಿಸಿ ನೋಡಿದ, ಮೂಸಿದ.

"ಅಪ್ಪನ ಡಬ್ಬಿ ಇನ್ನಾ ಬಳ್ಳೊಳ್ಳಿ ನಾರಾಕತ್ತದ" ಎಂದ. ಅಷ್ಟೇ ಸಾಕಾಯಿತು ಅವನಿಗೆ, ಆಂಪ್ಲಿಯ ತಕರಾರು ತೆಗೆಯದೆ ಗಿಟಾರು ಎತ್ತಿಕೊಂಡ.

ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಗಿಟಾರಿನಿಂದ ಡಬ್ಬಿಗೆ ಒಂದು ತಂತಿ, ಡಬ್ಬಿಯಿಂದ ಸಣ್ಣ ಸ್ಪೀಕರಿಗೊಂದು, ಲ್ಯಾಪ್‌ಟಾಪಿಗೊಂದು. ಅಣ್ಣ ಆರು ಹಾಡು ನುಡಿಸಿದ, ಕೊನೆಗೆ ತನ್ನ ಗತ್ತು ನುಡಿಸಿದ. ನಾನು ಪರದೆಯ ಮೇಲೆ ದನಿಯ ಮಟ್ಟ ತೋರಿಸುವ ಗೆರೆಗಳನ್ನು ನೋಡುತ್ತ ಕೂರಬೇಕಿತ್ತು. ಆದರೆ ಅವನ ಬೆರಳು ನೋಡುತ್ತ ಕೂತೆ. ಕಿರುಬೆರಳು ತಂತಿಯನ್ನು ಮುಟ್ಟಲು ಹೊರಟು ದಾರಿಯಲ್ಲೇ ಮರೆತು ನಿಲ್ಲುತ್ತಿತ್ತು, ಅಣ್ಣ ಇಡೀ ಮಣಿಕಟ್ಟನ್ನು ತಿರುಗಿಸಿ ಅದನ್ನು ಅಲ್ಲಿಗೆ ಒಯ್ಯುತ್ತಿದ್ದ. ಮುಗಿದ ಮೇಲೆ ಅತ್ತಿಗೆ ಅವನ ಕೈಗೆ ಎಣ್ಣೆ ಹಚ್ಚಿದರು. ನಾನು ಗೆದ್ದವಳ ಹಾಗೆ ಬಸ್ಸಿನಲ್ಲಿ ಕಾಲು ಚಾಚಿ ಕೂತು ಮನೆಗೆ ಬಂದೆ.

ಸೋಮವಾರ ಕಾಲೇಜಿನಿಂದ ಬಂದು ಹೆಡ್‌ಫೋನ್ ಹಾಕಿಕೊಂಡೆ. ಗುಂಯ್ ಎನ್ನುವ ಕರೆಂಟಿನ ಸದ್ದು. ಅದರ ಕೆಳಗೆ, ಬಹಳ ಕೆಳಗೆ, ಯಾರೋ ಪಕ್ಕದ ಊರಿನಲ್ಲಿ ನುಡಿಸುತ್ತಿರುವ ಹಾಗೆ ಅಣ್ಣ. ದನಿ ಏರಿಸಿದರೆ ಗುಂಯ್ ಕೂಡ ಏರುತ್ತಿತ್ತು. ಏಳೂ ಹಾಗೇ, ಒಂದೂ ಕೆಲಸಕ್ಕೆ ಬಾರದ್ದು. ಹೆಡ್‌ಫೋನ್ ಕಿತ್ತು ಎಸೆದೆ. ಅಣ್ಣನಿಗೆ ಫೋನ್ ಮಾಡಿದರೆ ಅವನು ಮೆಲ್ಲಗೆ, "ಆತು ಬಿಡು ತಂಗಿ. ಅದನ್ನ ಕೇಳಾಕ ಯಾರು ಕುಂತಾರ" ಎಂದ. ಫೋನ್ ಕಟ್ ಮಾಡಿದೆ, ಮಾತು ಬೆಳೆದರೆ ಅಳು ಬರುತ್ತಿತ್ತು.

ಮಂಗಳವಾರ ಮೊದಲ ಬಸ್ಸಿಗೆ ಹೋದೆ. ಗಬ್ಬೂರು ದಾಟುವವರೆಗೆ ಸರ್ಕಿಟ್ಟಿನ ಒಂದೊಂದೇ ಬೆಸುಗೆಯನ್ನು ಮನಸ್ಸಿನಲ್ಲೇ ಮುಟ್ಟಿ ನೋಡಿದೆ, ತಪ್ಪು ಸಿಗಲಿಲ್ಲ. ಅಣ್ಣನ ಮನೆಯಲ್ಲಿ ಮತ್ತೆ ಎಲ್ಲ ಜೋಡಿಸಿದಾಗ ಮೊದಲು ಕಂಡದ್ದು ಸರ್ಕಿಟ್ಟಲ್ಲ, ಗಿಟಾರು. ಅದರ ಮೈಮೇಲಿನ, ದನಿ ಏರಿಸಿ ಇಳಿಸುವ ತಿರುಗಣಿ ಅರ್ಧಕ್ಕೆ ನಿಂತಿತ್ತು.

"ಇದನ್ನ ಯಾಕ ಇಳ್ಸಿದಿ?"

"ಇಳ್ಸಿಲ್ಲ. ಅದು ಅಲ್ಲೇ ಇರ್ತದ" ಎಂದ ಅಣ್ಣ. "ಹಾಡೋರ ಮ್ಯಾಲೆ ಏರಬಾರದಲ್ಲ."

"ಇಲ್ಲಿ ಹಾಡೋರು ಯಾರದಾರ ಅಣ್ಣಾ? ನಾನಾ? ಅತ್ತಿಗ್ಯಾ?"

ಅವನು ಹುಡುಗನಾಗಿ ಆರ್ಕೆಸ್ಟ್ರಾ ಸೇರಿದ ಮೊದಲ ದಿನ ಹಿರಿಯರು ಆ ತಿರುಗಣಿಯನ್ನು ಅರ್ಧಕ್ಕೆ ತಂದು, ಇದರ ಮೇಲೆ ಹೋಗಬೇಡ ಎಂದಿದ್ದರಂತೆ. ಮೂವತ್ತು ವರ್ಷ ಹೋಗಿರಲಿಲ್ಲ. ಗಾಯಕರು ಬದಲಾದರು, ಆ ಹಿರಿಯರೂ ಹೋದರು, ತಿರುಗಣಿ ಅಲ್ಲೇ ಇತ್ತು. ಒಬ್ಬನೇ ನುಡಿಸುವಾಗಲೂ ಅಲ್ಲೇ. ಅವನ ಮೇಲೆ ಕೂಗಾಡಿದೆ. ಕೂಗಾಡುತ್ತಲೇ ನನಗೆ ಅಪ್ಪ ಗಿರಣಿಯ ಬಾಗಿಲಲ್ಲಿ ಡಬ್ಬಿ ಹಿಡಿದು, ಹಾಜರಿ ಬರೆಯುವವನಿಗೆ ತನ್ನ ಹೆಸರನ್ನು ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳುತ್ತಿದ್ದುದು ನೆನಪಾಯಿತು.

ತಿರುಗಣಿಯನ್ನು ಪೂರ್ತಿ ಏರಿಸಿದೆವು. ಆದರೂ ಗುಂಯ್ ಹೋಗಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು, ಕರೆಂಟಿಗೆ ಚುಚ್ಚದೆ ನಡೆಯದು, ಮುಟ್ಟಿದರೆ ಬೆರಳಿಗೆ ಚುರ್ ಎನ್ನುತ್ತಿತ್ತು. ಡಬ್ಬಿ ಬಿಚ್ಚಿದೆ, ಮುಚ್ಚಿದೆ, ಮತ್ತೆ ಬಿಚ್ಚಿದೆ. ಪಾತ್ರೆ ತೊಳೆಯುತ್ತಿದ್ದ ಅತ್ತಿಗೆ ನನ್ನ ಗೊಣಗಾಟ ಕೇಳಿ ಬಾಗಿಲಿಗೆ ಬಂದರು.

"ಚುರ್ ಅಂತದೇನು? ಫ್ರಿಜ್ಜೂ ಹಂಗ ಅನ್ನಾಕತ್ತದ ಈ ಸಲ" ಎಂದರು. "ಮೊದಲು ಮುಸುರಿ ನೀರೆಲ್ಲ ಹಿತ್ತಲದಾಗ ಆ ಅರ್ತಿಂಗ್ ಗುಂಡಿಗೇ ಹೋಗ್ತಿತ್ತು. ಹೊಸ ಚರಂಡಿ ಆದ ಮ್ಯಾಲೆ ಪೈಪು ಆ ಕಡಿ ತಿರುಗಿಸ್ಯಾರ."

ನಾನು ತಲೆಯ ಮೇಲೆ ಕೈ ಇಟ್ಟುಕೊಂಡೆ. ಅರ್ತಿಂಗ್ ಎಂದರೆ ಮನೆಯಲ್ಲಿ ಸೋರಿದ ಕರೆಂಟು ಇಳಿಯಲೆಂದು ನೆಲದಲ್ಲಿ ಹೂತಿಡುವ ಕಬ್ಬಿಣ, ಸುತ್ತಲಿನ ಮಣ್ಣು ಒದ್ದೆಯಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಇದು ನಾನೇ ಹೇಳುವ ಮೊದಲ ಪಾಠ. ಹಿತ್ತಲಿಗೆ ಹೋಗಿ ನೋಡಿದರೆ ಗುಂಡಿಯ ಮಣ್ಣು ಬಿರುಕು ಬಿಟ್ಟು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಅತ್ತಿಗೆ ಒಂದು ಹಿಡಿ ಉಪ್ಪು ಹಾಕಿ ಮುಸುರೆಯ ಬಕೆಟ್ಟನ್ನು ಸುರಿದರು. ಮಣ್ಣು ಗುಟುಕರಿಸಿತು. ಎರಡನೆಯ ಬಕೆಟ್ಟು, ಮೂರನೆಯದು. ನಾನು ಒಳಗೆ ಓಡಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಬಿಸಿಲಿನಲ್ಲಿ ನೀರು ಕೆಳಕ್ಕೆ ಇಳಿದ ಹಾಗೆ ಆ ಗುಂಯ್ ಕೂಡ ಇಳಿಯುತ್ತ, ತೆಳ್ಳಗಾಗುತ್ತ, ಎಲ್ಲೋ ಹೋಗಿಬಿಟ್ಟಿತು. ಅಂಥ ಮೌನವನ್ನು ನಾನು ಆ ಮನೆಯಲ್ಲಿ ಅದಕ್ಕೂ ಮೊದಲು ಕೇಳಿರಲಿಲ್ಲ. ಗೋಡೆಯ ಮೇಲಿನ ಬುದ್ಧನ ಪಟದ ಹಿಂದೆ ಹಲ್ಲಿ ಸರಿದದ್ದೂ ಕೇಳಿಸಿತು ಎಂದು ಈಗ ಅನ್ನಿಸುತ್ತದೆ.

"ಹಾಡು ಬ್ಯಾಡ, ನಿನ್ನ ಗತ್ತು ನುಡ್ಸು" ಎಂದೆ.

ಮೊದಲ ತಂತಿ ಮೀಟಿದೊಡನೆ ಅಣ್ಣ ಬೆಚ್ಚಿ ನಿಲ್ಲಿಸಿದ. ಅಷ್ಟು ದೊಡ್ಡ ದನಿ ತನ್ನದೆಂದು ಅವನಿಗೆ ಗೊತ್ತಿರಲಿಲ್ಲ. ಕೈ ತಾನಾಗಿಯೇ ತಿರುಗಣಿಯತ್ತ ಹೋಯಿತು. ನಾನು ಹಿಡಿದುಕೊಂಡೆ. ಅವನು ಕಣ್ಣು ಮುಚ್ಚಿ ಮತ್ತೆ ಶುರುಮಾಡಿದ. ನಾಲ್ಕು ನಿಮಿಷ ನುಡಿಸಿದ. ಕೊನೆಯ ಹತ್ತಿರ ಕಿರುಬೆರಳು ಹೋಗಲೇ ಇಲ್ಲ, ಒಂದು ಜಾಗದಲ್ಲಿ ತಂತಿ ಬರೀ ತಟ್ ಎಂದಿತು, ಮುಂದಿನ ಸಾಲಿನಲ್ಲಿ ಕೈಯೇ ನಿಂತಿತು. ಇನ್ನೊಮ್ಮೆ ನುಡಿಸಲು ಬೆರಳು ಕೇಳಲಿಲ್ಲ. ಆ ಒಂದೇ ರೆಕಾರ್ಡಿಂಗು ಉಳಿಯಿತು.

ಗುರುವಾರ ಆಪರೇಷನ್ ಸುಸೂತ್ರವಾಯಿತು. ಎರಡು ತಿಂಗಳು ಕಳೆದ ಮೇಲೆ ಉಂಗುರಬೆರಳು ಅಷ್ಟಿಷ್ಟು ಚೇತರಿಸಿಕೊಂಡಿತು, ಕಿರುಬೆರಳು ಚೇತರಿಸಿಕೊಳ್ಳಲಿಲ್ಲ. ಅಣ್ಣ ಚಹಾದ ಲೋಟ ಹಿಡಿಯಬಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಬಲ್ಲ, ಶಾಲೆಯ ಬೀಗ ತೆಗೆಯಬಲ್ಲ. ಡಾಕ್ಟರಿಗೆ ಅದೇ ದೊಡ್ಡದು, ಅವರ ಲೆಕ್ಕದಲ್ಲಿ ಅದು ಸರಿಯೇ. ಗಿಟಾರಿಗೆ ಮಾತ್ರ ಅದು ಸಾಲದು. ಅವನು ಗಿಟಾರನ್ನು ಹಳೆಯ ಸೀರೆಯಲ್ಲಿ ಸುತ್ತಿ ಮೇಲಿಟ್ಟದ್ದನ್ನು ಅತ್ತಿಗೆ ಫೋನಿನಲ್ಲಿ ಹೇಳಿದ ದಿನ ನಾನು ಬಹಳ ಅತ್ತೆ.

ಹೈದರಾಬಾದಿನ ಕಾಗದ ನಾನಾ ನೆಪ ಹೇಳಿ ಅಂತೂ ಬಂತು. ಚಾಚಾ ಆಂಪ್ಲಿಯನ್ನು ಒರೆಸಿ, ಬಟ್ಟೆಯಲ್ಲಿ ಕಟ್ಟಿ, "ನಿಮ್ಮಣ್ಣಗ ಸಲಾಂ ಹೇಳ್ರಿ" ಎಂದು ಬಸ್ಸಿನವರೆಗೆ ಬಂದು ಏರಿಸಿಕೊಟ್ಟ. ಒಂದು ಭಾನುವಾರ ಬೆಳಿಗ್ಗೆ ಅದನ್ನು ಅಣ್ಣನ ನಡುಮನೆಯಲ್ಲಿ ಇಟ್ಟೆ. ವಾರದಿಂದ ಮಳೆ ಹಿಡಿದು ನೆಲವೆಲ್ಲ ಮೆತ್ತಗಾಗಿತ್ತು, ಆದರೂ ಅತ್ತಿಗೆ ಯಾರೂ ಹೇಳದೆಯೇ ಹಿತ್ತಲಿಗೆ ಹೋಗಿ ಒಂದು ಬಕೆಟ್ಟು ಸುರಿದು ಬಂದರು. ಈ ಸಲ ಕೆಳಗಿನ ಡಬ್ಬಿಯ ಸರದಿ. ಲ್ಯಾಪ್‌ಟಾಪಿನಿಂದ ಡಬ್ಬಿಗೆ, ಡಬ್ಬಿಯಿಂದ ಆಂಪ್ಲಿಗೆ ತಂತಿ ಹಾಕಿದೆ. ಅಣ್ಣ ಆಂಪ್ಲಿಯ ತಿರುಗಣಿಗಳನ್ನು ಒಂದೊಂದಾಗಿ ತನಗೆ ಬೇಕಾದಲ್ಲಿಗೆ ತಂದ. ದನಿಯದನ್ನು ಅರ್ಧಕ್ಕೆ ನಿಲ್ಲಿಸಿದ.

ನಾನು ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ. ಗತ್ತು ಶುರುವಾಯಿತು. ಹೆಡ್‌ಫೋನಿನಲ್ಲಿ ನಾನು ನೂರು ಸಲ ಕೇಳಿದ್ದ ಒಣ ದನಿ ಇದಾಗಿರಲಿಲ್ಲ, ಸ್ಟೇಜಿನ ಹಿಂದಿನ ಜಮಖಾನದ ಮೇಲೆ ಕಣ್ಣು ಮುಚ್ಚುತ್ತ ಕೇಳಿದ್ದೇ ಇದು. ನನ್ನ ಕಣ್ಣು ಮಂಜಾಯಿತು. ಅಣ್ಣ ಒಂದು ಗಳಿಗೆ ಆಂಪ್ಲಿಯ ಮುಂದೆ ನಿಂತವನು, ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬಲಗೈಯಲ್ಲಿ ಎಳೆಯುತ್ತ ಬಾಗಿಲು ದಾಟಿ ಅಂಗಳಕ್ಕೆ ಹೋದ. ಅಂಗಳವನ್ನೂ ದಾಟಿದ. ಕುರ್ಚಿಯ ಕಾಲು ಹಸಿ ನೆಲದ ಮೇಲೆ ಗೆರೆ ಎಳೆಯುತ್ತ ಹೋಯಿತು.

"ಎಲ್ಲಿಗಿ ಹೊಂಟಿ ಅಣ್ಣಾ?"

"ಜನ ಕುಂದ್ರೋ ಕಡಿ" ಎಂದ, ತಿರುಗಿ ನೋಡದೆ. "ಇದನ್ನ ಅಲ್ಲಿಂದ ಎಂದೂ ಕೇಳಿಲ್ಲ ನಾ."

ರಸ್ತೆಯಂಚಿನ ಬೇವಿನ ಮರದ ಹತ್ತಿರ ಕುರ್ಚಿ ಹಾಕಲು ಹವಣಿಸಿದ. ನೆಲ ಕೊಚ್ಚೆಯಾಗಿದ್ದರಿಂದ ಕುರ್ಚಿ ಒಂದು ಕಡೆ ವಾಲಿತು. ಎತ್ತಿ ಬೇರೆ ಕಡೆ ಇಟ್ಟ, ಅಲ್ಲೂ ವಾಲಿತು, ಒಂದು ಕಾಲಿನ ಕೆಳಗೆ ಹೆಂಚಿನ ಚೂರು ಕೊಟ್ಟ. ಗತ್ತು ನುಡಿಯುತ್ತಲೇ ಇತ್ತು.

"ಕೇಳವಲ್ದು. ಏರ್ಸು" ಎಂದು ಕೂಗಿದ.

ಏರಿಸಿದೆ.

"ಇನ್ನಾ ಏರ್ಸು."

ಪೂರ್ತಿ ಏರಿಸಿದೆ. ಕಿಟಕಿಯ ಗಾಜು ನಡುಗಿತು. ಎದುರು ಮನೆಯ ಹೆಂಗಸು ಕೈಯಲ್ಲಿ ಲಟ್ಟಣಿಗೆ ಹಿಡಿದೇ ಹೊರಗೆ ಬಂದು ನಿಂತಳು. ತಂತಿ ತಟ್ ಎಂದ ಆ ಜಾಗವೂ ಬಂತು, ದೊಡ್ಡದಾಗಿಯೇ ಕೇಳಿಸಿತು, ಅಣ್ಣ ಅದಕ್ಕೆ ತಲೆ ತಗ್ಗಿಸಲಿಲ್ಲ. ಮುಂದಿನ ಸಾಲಿನಲ್ಲಿ ಕೈ ನಿಂತಿತು, ಗತ್ತು ಮುಗಿಯಿತು. ಆಗಷ್ಟೇ ಅವನು ಕುರ್ಚಿಯ ಮೇಲೆ ಭಾರ ಬಿಟ್ಟು, ಕಾಲು ನೀಡಿ, ಆ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ನಾನು ತಂತಿ ಬಿಚ್ಚಲು ಬಗ್ಗಿದೆ.

"ಬಿಚ್ಚಬ್ಯಾಡ ತಂಗಿ" ಎಂದ ಅಣ್ಣ ಅಲ್ಲಿಂದ. "ಮೊದಲಿಂದ ಹಚ್ಚು. ಈಗ ಕುಂತೀನಿ."